ಬಲತೋಳಿನ ವಾಸನೆ

ಮಾರ್ಚ್ 4

ಎಂಟು ಗುಂಡಿ-ಕಾಜ ಮುಗಿಯಿತು. ಇನ್ನು ಹದಿನಾರು. ಕಣ್ಣು ಸೋತಿದೆ, ಹಗಲ ಬೆಳಕಿನಲ್ಲೇ ಮಾಡಬೇಕು. ಆರು ಬಿಳಿ ಕೋಟು. ಹಳೆಯ ಕಾಲದ ಕಟಿಂಗ್ — ಅಗಲ ಕಾಲರ್, ಗಿಡ್ಡ ಉದ್ದ, ನಾಲ್ಕು ಗುಂಡಿ.

ಆರ್ಡರ್ ಕೊಟ್ಟವಳು ಲಾಂಜ್ ಹುಡುಗಿ. ಹುಡುಗಿ ಅಂದರೆ ನಲವತ್ತಿರಬೇಕು. ನನ್ನ ವಯಸ್ಸಿಗೆ ಎಲ್ಲರೂ ಹುಡುಗಿಯರೇ. ಹಳೆಯ ಕಾಲದ ಥರ ಕಾಕ್‌ಟೇಲ್ ಲಾಂಜ್ ತೆರೆಯುತ್ತಾಳಂತೆ. ಇಂದು ಬಂದವಳು ನನ್ನ ಮಾದರಿ ಕೋಟನ್ನು ತಿರುಗಿಸಿ ಮುರುಗಿಸಿ ನೋಡಿದಳು.

"ಆಂಟಿ, ಬಲಗೈ ಕಂಕುಳು ಯಾಕೆ ಇಷ್ಟು ಸಡಿಲ?"

"ಡ್ರಿಂಕ್ ಕಲಸೋ ಶೇಕರ್ ಆಡಿಸೋರಿಗೆ ಬೇಕಮ್ಮ. ಇಲ್ಲಾಂದ್ರೆ ವಾರಕ್ಕೊಂದ್ಸಲ ಹರಿಯುತ್ತೆ."

"ನಿಮಗೆ ಹೇಗೆ ಗೊತ್ತು?"

"ಮೂವತ್ತೊಂದು ವರ್ಷ ಹರಿದದ್ದು ಹೊಲಿದಿದ್ದೀನಲ್ಲ."

ಹೇಳಬಾರದಿತ್ತು. ಬಾಯಿ ಜಾರಿತು. ಹರಿಯುತ್ತಿದ್ದದ್ದು ನನ್ನ ಯಜಮಾನರ, ಇವರ ಕೋಟು. ಅವಳು ಲಾಂಜ್ ಮಾಡುತ್ತಿರುವುದು ಇವರು ಬಾರ್‌ನಲ್ಲಿ ದುಡಿದ ಅದೇ ಕಟ್ಟಡದಲ್ಲಿ. ಇವರು ಹೋಗಿ ಒಂಬತ್ತು ವರ್ಷ.

ಮಾರ್ಚ್ 5, ಬೆಳಗ್ಗೆ

ಹುಡುಗಿ ಏಳಕ್ಕೇ ಬಂದಳು, ರಾತ್ರಿಯೇ ಹಳಬರನ್ನು ವಿಚಾರಿಸಿದ್ದಳಂತೆ. ನಿಂತೇ ಮಾತು. ಇವರು ತಮ್ಮದೇ ಒಂದು ಡ್ರಿಂಕ್ ಮಾಡುತ್ತಿದ್ದರಂತೆ. ಹಳಬರೆಲ್ಲ ಅದನ್ನೇ ನೆನೆಯುತ್ತಾರಂತೆ, ಹೇಗೆ ಮಾಡುತ್ತಿದ್ದರೆಂದು ಯಾರಿಗೂ ಗೊತ್ತಿಲ್ಲವಂತೆ. ಎಲ್ಲಾದರೂ ಬರೆದಿಟ್ಟಿದ್ದಾರಾ?

ಇಲ್ಲ. ಸಹಿ ಬಿಟ್ಟರೆ ಏನೂ ಬರೆದವರಲ್ಲ.

ರುಚಿ? ನಾನು ಒಂದು ತೊಟ್ಟು ಮುಟ್ಟಿದವಳಲ್ಲ. ಆ ಕಟ್ಟಡದೊಳಗೆ ಕಾಲಿಟ್ಟವಳೂ ಅಲ್ಲ. ಅಕ್ಕಪಕ್ಕದವರಿಗೆ "ಹೋಟೆಲ್ ಕೆಲಸ" ಎಂದು ಹೇಳಿ ಕೈ ತೊಳೆದುಕೊಳ್ಳುತ್ತಿದ್ದೆ. ಈಚಲ ಮರದ ಕೆಳಗೆ ಕೂತು ಮಜ್ಜಿಗೆ ಕುಡಿದರೂ... ಅನ್ನುವ ಜನ. ಇವರು ಕುಡಿಯುವವರಲ್ಲ, ಬರೀ ಕುಡಿಸುವವರು ಅಂದರೆ ಯಾರು ನಂಬುತ್ತಾರೆ?

ಆದರೆ ವಾಸನೆ ಗೊತ್ತು. ಆ ಕೋಟಿನ ಬಲತೋಳನ್ನು ಒಗೆದವಳು ನಾನಲ್ಲವೇ? ಕಿತ್ತಳೆ ಸಿಪ್ಪೆ. ಸುಟ್ಟ ಸಕ್ಕರೆ. ಎಂಥದೋ ಒಂದು ಕಹಿ ಬೇರು. ಲವಂಗ.

ಅವಳ ಕಣ್ಣು ಅರಳಿತು. "ಬನ್ನಿ ಆಂಟಿ. ಬರೀ ಮೂಸಿ ನೋಡಿ ಹೇಳಿದ್ರೆ ಸಾಕು."

ಮಾರ್ಚ್ 11

ಐದು ದಿನ ಬರೆಯಲಿಲ್ಲ. ಹೋಗಲೋ ಬೇಡವೋ... ಮಗಳಿಗೆ ಫೋನ್ ಮಾಡಿದೆ. ಚುಚ್ಚಿದಳು.

"ಅಪ್ಪನ ಕೆಲ್ಸ ಏನು ಅಂತ ಟೀಚರ್ ಕೇಳಿದ್ರೆ ಸುಳ್ಳು ಹೇಳು ಅಂತ ಕಲಿಸಿದವಳು ನೀನು. ಈಗ ನೀನೇ ಬಾರಿಗೆ ಹೋಗ್ತೀಯಾ ಅಮ್ಮಾ?"

ಫೋನ್ ಇಟ್ಟೆ. ಹೋದೆ. ಮುಂದೆಲ್ಲ ಪೇಂಟ್ ಕೆಲಸ, ಹಿಂಬಾಗಿಲಿಂದ ಕರೆದೊಯ್ದರು. ನಡುವೆ ಎಷ್ಟೋ ವರ್ಷ ಅದು ಸೋಫಾ ಅಂಗಡಿಯಾಗಿತ್ತು. ಹಲಗೆ ಬಡಿದು ಮುಚ್ಚಿದ್ದರಿಂದ ಕೌಂಟರ್ ಉಳಿದಿದೆ. ಅಂಚಿನಲ್ಲಿ ಒಂದು ಕಡೆ ಮರ ಸವೆದು ತಗ್ಗಾಗಿದೆ. ಇವರ ಮೊಣಕೈಯೋ, ಯಾರದೋ.

ಬಾಟಲಿ ಜೋಡಿಸುತ್ತಾ ಹುಡುಗಿಯ ಪಾಠ. ಮೊದಮೊದಲು ಕಾಕ್‌ಟೇಲ್ ಅಂದರೆ ನಾಲ್ಕೇ ಸಾಮಾನು — ಮದ್ಯ, ಸಕ್ಕರೆ, ನೀರು, ಕಹಿ. ಆ ಕಹಿಯನ್ನು ಹೊಟ್ಟೆಯ ಔಷಧಿಯೆಂದು ಮಾರುತ್ತಿದ್ದರಂತೆ. ಬೆಳಗ್ಗೆ ಎದ್ದವರೇ ಕುಡಿಯುತ್ತಿದ್ದರಂತೆ! ಆಮೇಲೊಂದು ಕಾಲಕ್ಕೆ ಮದ್ಯ ನಿಷೇಧವಾದಾಗ ಕಳ್ಳಸಾರಾಯಿಯ ನಾತ ಮುಚ್ಚಲು ಜೇನು, ಹಣ್ಣಿನ ರಸ. ಕೈ ಪಳಗಿದ ಬಾರ್‌ನವರು ಕೆಲಸ ಹೋಗಿ, ಹಡಗು ಹತ್ತಿ ಬೇರೆ ದೇಶಗಳಿಗೆ ವಿದ್ಯೆ ಒಯ್ದರಂತೆ.

"ಕಾಕ್‌ಟೇಲ್‌ಗೆ ಕೋಳಿ ಬಾಲ ಅಂತ ಯಾಕೆ ಹೆಸರು?"

"ಹತ್ತು ಕಥೆ ಇದೆ ಆಂಟಿ. ಒಂದೂ ಖಾತ್ರಿ ಇಲ್ಲ."

ನಗು ಬಂತು. ಆಮೇಲೆ ನಗು ನಿಂತಿತು. ಈ ಕಥೆಗಳನ್ನೆಲ್ಲ ಹೇಳಲು ಇವರು ಬಾಯಿ ತೆರೆದಾಗಲೆಲ್ಲ "ಮೊದಲು ಸ್ನಾನ ಮಾಡಿ ಬನ್ನಿ" ಎನ್ನುತ್ತಿದ್ದೆ. ಬರುವಷ್ಟರಲ್ಲಿ ನನಗೆ ನಿದ್ದೆ.

ಮಾರ್ಚ್ 19

ನಾಲ್ಕನೆಯ ಸಲ. ಎಲ್ಲದಕ್ಕೂ ಮೂಗು ತೂರಿಸುತ್ತಾಳೆಂದು ಅತ್ತೆ ಬೈಯುತ್ತಿದ್ದರು. ಈಗ ಅದೇ ಮೂಗಿಗೆ ಕೆಲಸ ಸಿಕ್ಕಿದೆ. ಕಹಿ ಜಾಸ್ತಿ. ಸಿಪ್ಪೆ ಹಿಂಡಿ, ಒಳಗೆ ಹಾಕಬೇಡಿ. ಲವಂಗ ಇನ್ನೊಂಚೂರು...

ಮೂರೂವರೆಗೆ ಒಂದು ಗ್ಲಾಸು ಬಂತು. ಮೂಸಿದೆ. ಇನ್ನೊಮ್ಮೆ ಮೂಸಿದೆ. ಇವರೇ ಪಕ್ಕದಲ್ಲಿ ಬಂದು ನಿಂತ ಹಾಗೆ.

"ಇದೇ," ಎಂದೆ. ಹುಡುಗಿ ನನ್ನನ್ನು ತಬ್ಬಿಕೊಂಡು ಕುಣಿದಳು. ಮೆನುವಿನಲ್ಲಿ ಇವರ ಡ್ರಿಂಕ್, ಅಂದಿನ ರುಚಿಯಲ್ಲೇ, ಎಂದು ಹಾಕುತ್ತಾಳಂತೆ.

ಏಪ್ರಿಲ್ 2

ಹುಡುಗಿ ಇವರ ಜೊತೆಗಿದ್ದ ಹಳೆಯ ವೇಟರನ್ನು ಹುಡುಕಿ ಕರೆಸಿದ್ದಳು. ಇವರು "ಗಡಿಯಾರ" ಎಂದು ಕರೆಯುತ್ತಿದ್ದ ಮನುಷ್ಯ. ಒಂದು ನಿಮಿಷ ಆಚೀಚೆ ಇಲ್ಲ. ಎಂಬತ್ತೊಂದು ವಯಸ್ಸು. ಇಂದೂ ಮೂರು ಅಂದರೆ ಮೂರಕ್ಕೆ ಹಾಜರ್. ಒಂದು ಗುಟುಕು ಕುಡಿದು ಕಣ್ಣು ಮುಚ್ಚಿದರು.

"ಚೆನ್ನಾಗಿದೆ. ಆದ್ರೆ ಅವರದ್ದಲ್ಲ."

"ಯಾಕೆ?" ಹುಡುಗಿಯ ಮುಖ ಇಳಿಯಿತು.

"ಲವಂಗ. ಅವರು ಲವಂಗ ಮುಟ್ತಾನೇ ಇರ್ಲಿಲ್ಲ. ಹಾಕಿದ್ರೆ ಉಳಿದ ರುಚಿಯೆಲ್ಲ ಸತ್ತು ಹೋಗುತ್ತೆ ಅನ್ನೋರು."

ನನಗೆ ಸಿಟ್ಟು ಬಂತು. "ಮೂವತ್ತೊಂದು ವರ್ಷ ಮೂಸಿದ್ದೀನಿ ನಾನು!"

ಗಡಿಯಾರ ಮೆಲ್ಲಗೆ ನಕ್ಕರು. "ಅಮ್ಮಾ, ಮನೆಯಿಂದ ಬರೋವಾಗ್ಲೇ ಅವರ ಕೋಟು ಲವಂಗ ಲವಂಗ ಅಂತಿತ್ತು. ನಾವೆಲ್ಲ ತಮಾಷೆ ಮಾಡ್ತಿದ್ವಿ."

ನಮ್ಮ ಮನೆಯ ಬಟ್ಟೆ ಬೀರು. ಹುಳ ಬೀಳದಿರಲೆಂದು ಬಟ್ಟೆಯ ನಡುವೆ ಲವಂಗದ ಗಂಟು ಇಡುತ್ತಿದ್ದವಳು ನಾನೇ. ಈಗಲೂ ಇಡುತ್ತೇನೆ.

ಇವರ ವಾಸನೆ ಎಂದು ಒಂಬತ್ತು ವರ್ಷ ನೆನೆದದ್ದರಲ್ಲಿ ಅರ್ಧ ನನ್ನದೇ.

ಏಪ್ರಿಲ್ 3

"ಬಿಡಿ ಆಂಟಿ, ಯಾರಿಗೆ ಗೊತ್ತಾಗುತ್ತೆ? ಮೆನು ಪ್ರಿಂಟ್ ಆಗಿದೆ," ಎಂದಳು ಹುಡುಗಿ.

ಬೇಡ ಎಂದೆ. ಇವರ ಕೆಲಸದ ಬಗ್ಗೆ ನಾನು ಹೇಳಿದ ಸುಳ್ಳು ಇಲ್ಲಿಗೆ ಸಾಕು. "ಅಂದಿನ ರುಚಿ ಅಂತ ಬರೀಬೇಡ. ಉಳಿದದ್ದು ಅವರದ್ದು, ಲವಂಗ ಹೆಂಡತಿದು ಅಂತ ಬರಿ."

ಒಂದು ಮೆನು ತೆಗೆದು ಓದಿದಳು. ಆಮೇಲೆ ಮೆನುವಿನ ಇಡೀ ಕಟ್ಟನ್ನು ಕಸದ ಬುಟ್ಟಿಗೆ ಹಾಕಿದಳು. ಹೊಸ ಹೆಸರು ನಾನೇ ಕೊಟ್ಟೆ — "ಸ್ನಾನಕ್ಕೆ ಮುಂಚೆ." ಮಗಳಿಗೆ ಹೇಳಿದರೆ ಬಿದ್ದು ಬಿದ್ದು ನಕ್ಕಳು. ಆಮೇಲೆ ತಾನೇ ಹೇಳಿದಳು, "ಓಪನಿಂಗಿಗೆ ನಾನೂ ಬರ್ತೀನಿ."

ಏಪ್ರಿಲ್ 12, ಸಂಜೆ ಏಳೂವರೆ

ಈಗಷ್ಟೇ ಬಂದೆ. ಮಗಳು ಅಲ್ಲೇ ಇದ್ದಾಳೆ, ಗಡಿಯಾರದ ಜೊತೆ ಅಪ್ಪನ ಮಾತು. ಆರು ಕೋಟೂ ಚೆನ್ನಾಗಿ ಕೂತಿವೆ.

ಐದಕ್ಕೆ ತೆರೆದರು. "ಅವರು ನಿಲ್ತಿದ್ದ ಜಾಗ" ಎಂದು ಹುಡುಗಿ ನನ್ನನ್ನು ಕೌಂಟರಿನ ಒಳಗೆ ನಿಲ್ಲಿಸಿದಳು. ಇಷ್ಟು ದಿನ ಮುಂಬಾಗಿಲ ಗಾಜಿಗೆ ಪೇಪರ್ ಅಂಟಿಸಿದ್ದರು. ಇಂದು ಕಿತ್ತಿದ್ದಾರೆ. ಅಲ್ಲಿಂದ ಹೊರಗಿನ ಮೆಟ್ಟಿಲು, ಹತ್ತಿ ಬರುವವರ ಮುಖ, ಕಾಲು, ಎಲ್ಲ ಕಾಣುತ್ತದೆ.

ಇದನ್ನು ಎಲ್ಲೂ ಬರೆದಿಲ್ಲ. ನಾನು ಒಮ್ಮೆ ಅಲ್ಲಿಗೆ ಹೋಗಿದ್ದೆ. ಮದುವೆಯಾದ ಹನ್ನೊಂದನೆಯ ವರ್ಷ. ಇವರು ಕರೆದು ಕರೆದು ಸಾಕಾಗಿ ಬಿಟ್ಟಮೇಲೆ. ಹೊಸ ಚಪ್ಪಲಿ ಮೆಟ್ಟಿ, ಆ ಮೆಟ್ಟಿಲು ಹತ್ತಿ, ಗಾಜಿನ ಮುಂದೆ ನಿಂತಿದ್ದೆ. ಇಳಿಬಿಸಿಲಿಗೆ ಗಾಜಿನಲ್ಲಿ ನನ್ನ ಮುಖವೇ ಕಂಡಿತು, ಒಳಗಿನದೇನೂ ಕಾಣಲಿಲ್ಲ. ಐದು ನಿಮಿಷ ನಿಂತು ತಿರುಗಿ ಬಂದೆ. ಚಪ್ಪಲಿಯನ್ನು ಡಬ್ಬದೊಳಗೆ ಮುಚ್ಚಿಟ್ಟೆ.

ಅಂದು ಇವರು ಏನೂ ಕೇಳಲಿಲ್ಲ. ಬಿಸಿನೀರು ಕಾಯಿಸಿ ತಂದು ಕಾಲ ಹತ್ತಿರ ಇಟ್ಟು, "ಹೊಸ ಚಪ್ಪಲಿ ಕಚ್ಚಿರುತ್ತೆ, ಇಡು" ಎಂದರು. ಇಟ್ಟೆ. ಇವರಿಗೆ ಹೇಗೆ ಗೊತ್ತಾಯಿತೆಂದು ಇಷ್ಟು ವರ್ಷ ಯೋಚಿಸಲೇ ಇಲ್ಲ.

ಇಂದು ನಾನು ಅಲ್ಲಿ ನಿಂತಿದ್ದಾಗ ಗಾಜಿನಾಚೆ ಯಾರೋ ಹೆಂಗಸು. ಒಬ್ಬಳೇ. ಒಂದು ಮೆಟ್ಟಿಲು ಹತ್ತುತ್ತಾಳೆ, ನಿಲ್ಲುತ್ತಾಳೆ. ಅಂದು ಇಲ್ಲಿಂದ ನನ್ನನ್ನು ಕಂಡಾಗ ಇವರ ಕೈಯಲ್ಲಿ ಶೇಕರ್ ಇತ್ತೇನೋ... ಎದುರಿಗೆ ಗಿರಾಕಿಗಳಿದ್ದರೇನೋ... ನನ್ನ ಕೈ ಖಾಲಿ ಇತ್ತು. ಕೌಂಟರ್ ಸುತ್ತಿ ಬಂದು ಬಾಗಿಲು ತೆರೆದೆ. "ಬನ್ನಿ, ಒಳಗೆ ಬನ್ನಿ" ಎಂದೆ. ಅವಳು ನನ್ನ ಮುಖ ನೋಡಿ, ಉಳಿದ ಮೆಟ್ಟಿಲು ಹತ್ತಿ ಒಳಗೆ ಬಂದಳು.