ಸೇತುವೆ ಬಳುಕಿದ್ದು ಚೆಂದಕ್ಕಲ್ಲ, ಮಾನ್ಯರೇ

ಸೇತುವೆ ಇಲಾಖೆಯ ಮುಖ್ಯ ಎಂಜಿನಿಯರ್ ಸಾಹೇಬರಿಗೆ,

ಮಾನ್ಯರೇ,

ನಮ್ಮ ದ್ವೀಪವನ್ನು ಆಚೆ ದಡಕ್ಕೆ ಸೇರಿಸಿದ ಸೇತುವೆಗೆ ಐವತ್ತು ತುಂಬಿತೆಂದು ತಮ್ಮ ಇಲಾಖೆ ಅದರ ಇತಿಹಾಸವನ್ನು ಪುಸ್ತಕ ಮಾಡಿ ಹಂಚಿತು. ನನ್ನ ಹೊಲಿಗೆ ಅಂಗಡಿಗೂ ಒಂದು ಪ್ರತಿ ಬಂತು. ಕಾಗದ ನುಣುಪಾಗಿದೆ, ಚಿತ್ರಗಳು ಚೆನ್ನಾಗಿವೆ. ನನ್ನ ತಕರಾರು ಹನ್ನೆರಡನೆಯ ಪುಟದ ಒಂದೇ ವಾಕ್ಯದ ಮೇಲೆ: "ಸುತ್ತಲಿನ ನಿಸರ್ಗ ಸೌಂದರ್ಯಕ್ಕೆ ಒಪ್ಪುವಂತೆ ಸೇತುವೆಯ ನಡುಭಾಗವನ್ನು ಕಲಾತ್ಮಕವಾಗಿ ಬಳುಕಿಸಲಾಗಿದೆ." ಇದನ್ನು ಅಪ್ಪನಿಗೆ ಓದಿ ಹೇಳಿದೆ. ಎಂಬತ್ತೆರಡರ ಮನುಷ್ಯ, ಕೆಮ್ಮು ಬರುವಷ್ಟು ನಕ್ಕರು. ಆಮೇಲೆ ನಗು ನಿಲ್ಲಿಸಿ, "ಹಂಗಾದ್ರೆ ಅವರಿಗೆ ಗೊತ್ತೇ ಇಲ್ಲ ಕಣೇ" ಅಂದರು. ನಾನು ಈ ಪತ್ರ ಬರೆಯುತ್ತಿರುವುದು ಆ ಮಾತಿಗಾಗಿ. ಹಳೆಯದರ ಪಕ್ಕದಲ್ಲೇ ತಾವು ನೇರವಾದ ಹೊಸ ಸೇತುವೆ ಕಟ್ಟಲು ಹೊರಟಿದ್ದೀರಿ. ಹಳೆಯ ಸೇತುವೆ ಯಾವ ಜಾಗಕ್ಕೆ ಹೆದರಿ ಪಕ್ಕಕ್ಕೆ ಸರಿಯಿತೋ, ಸರಿಯಾಗಿ ಅಲ್ಲೇ ಹೊಸದರ ನಾಲ್ಕನೆಯ ಕಂಬಕ್ಕೆ ಕೆಂಪು ಗುರುತು ತೇಲಿಬಿಟ್ಟಿದ್ದೀರಿ.

ಸೇತುವೆ ಬರುವ ಮುಂಚೆ ಇಲ್ಲಿ ಜನರನ್ನು ದಾಟಿಸುತ್ತಿದ್ದದ್ದು ನಮ್ಮಪ್ಪನ ಲಾಂಚು. ನಡುನೀರಿನ ಆ ಜಾಗ ಅವರಿಗೆ ಚೆನ್ನಾಗಿ ಗೊತ್ತಿತ್ತು, ಏಕೆಂದರೆ ಅದು ಅವರ ಎರಡು ಲಂಗರು ನುಂಗಿತ್ತು. ಅಲ್ಲಿ ಲಂಗರು ಬಿಟ್ಟರೆ ಮೊದಲು ಗಟ್ಟಿಯಾಗಿ ನಿಲ್ಲುತ್ತದಂತೆ. ನಾವು ನೆಮ್ಮದಿಯಿಂದ ಕೂತ ಮೇಲೆ ಹಗ್ಗ ಮೆಲ್ಲಗೆ ಕೆಳಗೆ ಹೋಗತೊಡಗುತ್ತದೆ. "ಮೇಲೆ ಕೆನೆ, ಕೆಳಗೆ ಹಾಲು" ಎನ್ನುವುದು ಅಪ್ಪನ ವಿವರಣೆ. ಕೆನೆ ಎಂದರೆ ಚಿಪ್ಪಿನ ಚೂರುಗಳ ಗಟ್ಟಿ ಪದರ, ಹಾಲು ಎಂದರೆ ಎಷ್ಟು ಇಳಿದರೂ ಮುಗಿಯದ ಕೆಸರು. ಆಗಿನ ಎಂಜಿನಿಯರ್ ಸಾಹೇಬರಿಗೆ ಅಪ್ಪ ಇದನ್ನು ಹೇಳಿದಾಗ ಸಿಕ್ಕ ಉತ್ತರ: "ತಳ ಇಲ್ಲದ ನೀರು ಎಲ್ಲಾದ್ರೂ ಇರುತ್ತೇನಯ್ಯಾ? ನೀನು ಲಾಂಚು ನೋಡ್ಕೋ, ಸೇತುವೆ ನಾವು ನೋಡ್ಕೋತೀವಿ."

ನೋಡಿಕೊಂಡರು. ಆರನೆಯ ಕಂಬ ಸೋಮವಾರ ನಿಂತಿತು, ಗುರುವಾರ ಮಧ್ಯಾಹ್ನ ವಾಲಿತು, ಸಂಜೆಯೊಳಗೆ ಕಾಣೆಯಾಯಿತು. ಊಟದ ಗಂಟೆ ಹೊಡೆದಿದ್ದರಿಂದ ಮೇಲಿದ್ದ ಎಂಟು ಜನ ಕೆಲಸಗಾರರು ಕೆಳಗಿಳಿದು ಬುತ್ತಿ ಬಿಚ್ಚಿದ್ದರು, ಬದುಕಿದರು. ತಮ್ಮ ಪುಸ್ತಕದಲ್ಲಿ ಶಂಕುಸ್ಥಾಪನೆಗೆ ಬಂದವರ ಕೊರಳ ಹಾರದ ಹೂವಿನ ಬಣ್ಣ ಕೂಡ ಇದೆ. ಆ ಗುರುವಾರ ಮಾತ್ರ ಇಲ್ಲ.

ಮರುದಿನ ಆ ಸಾಹೇಬರು ನಮ್ಮ ಮನೆಗೆ ಬಂದರು. ನನಗಾಗ ಏಳು ವರ್ಷ. ಬೆಂಚಿನ ತುದಿಯಲ್ಲಿ ಕೂತು ಕನ್ನಡಕ ಒರೆಸಿದ್ದೇ ಒರೆಸಿದ್ದು. "ಏನಯ್ಯಾ" ಹೋಗಿ "ಯಜಮಾನ್ರೇ" ಬಂದಿತ್ತು. "ಯಜಮಾನ್ರೇ, ಎಲ್ಲಿ ಇಡೋಣ ಹೇಳಿ." ಕೆಟ್ಟ ಮೇಲೆ ಬುದ್ಧಿ ಬಂತು ಎಂದು ಅಮ್ಮ ಒಳಗಿನಿಂದ ಗೊಣಗಿದ್ದು ಅವರಿಗೂ ಕೇಳಿಸಿರಬೇಕು, ಆದರೂ ಚಹಾ ಕುಡಿದೇ ಹೋದರು.

ಅಪ್ಪನ ಹತ್ತಿರ ಒಂದು ಹಗ್ಗವಿತ್ತು. ತುದಿಗೆ ಕಬ್ಬಿಣದ ಗುಂಡು, ಗುಂಡಿನ ಅಡಿಗೆ ಒಂದು ಗುಳಿ, ಗುಳಿಗೆ ಮೈ ತೊಳೆಯುವ ಸೋಪು. ನೀರಿಗೆ ಬಿಟ್ಟು ಎತ್ತಿದರೆ ತಳದಲ್ಲಿ ಏನಿದೆಯೋ ಅದು ಸೋಪಿಗೆ ಅಂಟಿಕೊಂಡು ಬರುತ್ತದೆ. ಚಿಪ್ಪಿನ ಚೂರು ಬಂದರೆ ಮುಂದೆ ಸಾಗು, ಒರಟು ಮರಳು ಬಂದರೆ ಕಂಬ ಇಡು. ಹನ್ನೊಂದು ದಿನ ಸಾಹೇಬರನ್ನು ಕೂರಿಸಿಕೊಂಡು ಹೀಗೆ ಹುಡುಕಿದರು. ಮನೆಯ ಒಂಬತ್ತು ಸೋಪು ಖರ್ಚಾದವು. ಅಮ್ಮ ಉಳಿದದ್ದನ್ನು ಅಕ್ಕಿ ಡಬ್ಬಿಯಲ್ಲಿ ಬಚ್ಚಿಟ್ಟು, "ನಿಮ್ಮ ಸೇತುವೆ ಮುಗಿಯೋದ್ರೊಳಗೆ ನಾವೆಲ್ಲ ಮಣ್ಣು ಹಚ್ಕೊಂಡು ಸ್ನಾನ ಮಾಡ್ಬೇಕು" ಎಂದು ರೇಗಿದಳು. ಕೊನೆಗೆ ಆರರಿಂದ ಒಂಬತ್ತರವರೆಗಿನ ಕಂಬಗಳು ಅಪ್ಪ ತೋರಿಸಿದ ಮರಳಿನ ಮೇಲೆ, ಒಂದಿಷ್ಟು ಪಕ್ಕಕ್ಕೆ ಸರಿದು ನಿಂತವು. ತಾವು ಮೆಚ್ಚಿ ಬರೆದ ಕಲೆ ಇದೇ, ಮಾನ್ಯರೇ.

ಸೇತುವೆ ತೆರೆದ ದಿನವೇ ಲಾಂಚು ನಿಂತಿತು. ತನ್ನ ಕಾಲ ಮೇಲೆ ತಾನೇ ಕಲ್ಲು ಹಾಕಿಕೊಂಡ ಎಂದು ಬೀದಿಯವರು ಆಡಿಕೊಂಡರು. "ಜನ ದಾಟ್ಬೇಕು ಅಷ್ಟೇ. ಲಾಂಚಲ್ಲಾದ್ರೇನು, ನಡ್ಕೊಂಡಾದ್ರೇನು" ಎಂದು ಹೇಳಿ ಅಪ್ಪ ಪಂಪುಗಳ ರಿಪೇರಿಗೆ ಕೂತರು. ಪುಸ್ತಕದಲ್ಲಿ ಅವರ ಸುದ್ದಿಯಿಲ್ಲವೆಂದು ನನಗೆ ಕೋಪವಿಲ್ಲ. ಇದೆ, ಸ್ವಲ್ಪ ಇದೆ. ಆದರೆ ಅದಕ್ಕೆ ಇನ್ನೊಂದು ದಿನ ಜಗಳವಾಡೋಣ.

ಕೆಂಪು ಗುರುತನ್ನು ಅಪ್ಪ ಕಂಡದ್ದು ಬಸ್ಸಿನ ಕಿಟಕಿಯಿಂದ. ಅಂದಿನಿಂದ ಮೂರು ಸಲ ತಮ್ಮ ಕಚೇರಿಯ ಮೆಟ್ಟಿಲು ಹತ್ತಿದ್ದಾರೆ, ಆ ಹಗ್ಗವನ್ನೂ ಚೀಲದಲ್ಲಿ ಹೊತ್ತುಕೊಂಡು. ತಮ್ಮ ಸಿಬ್ಬಂದಿ ಬಲು ಸಭ್ಯರು. ಮೊದಲ ಸಲ ಕುರ್ಚಿ ಕೊಟ್ಟು, "ಒಂದು ಅರ್ಜಿ ಬರೆದುಕೊಡಿ ತಾತ" ಎಂದರು. ಎರಡನೆಯ ಸಲ ಕಡತ ಮೇಲೆ ಹೋಗಿದೆ ಎಂದರು. ಮೂರನೆಯ ಸಲ ಕೈಗೆ ಪತ್ರವನ್ನೇ ಕೊಟ್ಟರು: "ಅರ್ಜಿದಾರರು ಜಲತಳ ಪರಿಶೀಲನೆಯಲ್ಲಿ ತಮ್ಮ ವಿದ್ಯಾರ್ಹತೆಯ ಪ್ರಮಾಣಪತ್ರ ಲಗತ್ತಿಸತಕ್ಕದ್ದು." ಅಪ್ಪ ಅದನ್ನು ನನ್ನ ಮುಂದಿಟ್ಟು, "ನಾನು ಮೂರನೇ ಕ್ಲಾಸು. ಏನು ಲಗತ್ತಿಸಲಿ?" ಎಂದು ಕೇಳಿದರು. ನನಗೆ ಆ ಹೊತ್ತು ನಗು ಬರಲಿಲ್ಲ.

ಅಂಗೈ ಹುಣ್ಣಿಗೆ ಕನ್ನಡಿ ಬೇಕೆ? ತಮ್ಮ ಕೋಣೆಯ ಪರದೆ ಸರಿಸಿದರೆ ಅಪ್ಪನ ಪ್ರಮಾಣಪತ್ರ ಹದಿನಾಲ್ಕು ಕಂಬಗಳ ಮೇಲೆ ನಿಂತಿರುವುದು ಕಾಣುತ್ತದೆ. ಪರದೆ ಹೊಲಿದವಳು ನಾನೇ, ಸಲೀಸಾಗಿ ಸರಿಯುತ್ತದೆ. ಹೊಸ ಯಂತ್ರಗಳಿವೆ ಎನ್ನುತ್ತೀರಿ, ಸಂತೋಷ. ಆದರೆ ಒಂದು ಬಿಟ್ಟು ಒಂದು ಕಂಬದ ಜಾಗದಲ್ಲಿ ಮಾತ್ರ ಕೊರೆದು ನೋಡಿದ್ದೇವೆ, ನಡುವಿನದನ್ನು ಅಂದಾಜು ಮಾಡಿದ್ದೇವೆ ಎಂದು ತಮ್ಮ ಪ್ರಕಟಣೆಯೇ ಹೇಳುತ್ತದೆ. ಮೂರನ್ನೂ ಐದನ್ನೂ ಕೊರೆದಿದ್ದೀರಿ. ನಾಲ್ಕು ಬಿಟ್ಟುಹೋಗಿದೆ. ಈ ಸಲವೂ ಕಂಬ ಊಟದ ಹೊತ್ತು ನೋಡಿಕೊಂಡೇ ವಾಲುತ್ತದೆಂದು ಯಾರು ಹೇಳಬೇಕು?

ಆ ಹಗ್ಗ ಹಿಡಿಯುವುದನ್ನು ಅಪ್ಪ ನನಗೆ ಕಲಿಸಲು ಬಹಳ ನೋಡಿದರು. ಹಗ್ಗ ಬೆರಳಿಗೆ ಏನು ಹೇಳುತ್ತದೆಂದು ನನಗೆ ಕೊನೆಗೂ ತಿಳಿಯಲಿಲ್ಲ. ಅವರ ಕಣ್ಣು ಈಗ ಮಂಜು, ಕೈ ಮಾತ್ರ ಮರೆತಿಲ್ಲ. ಮೊನ್ನೆ ಜ್ವರದಲ್ಲಿ ಮಲಗಿದ್ದಾಗ, "ನಾನು ಹೋದ್ಮೇಲೆ ಆ ಜಾಗ ತೋರ್ಸೋರು ಯಾರೂ ಇಲ್ಲ ಮಗಳೇ, ಅವರನ್ನ ಬೇಗ ಕರೆಸು" ಎಂದರು. ಅಂದಿನಿಂದ ನನಗೆ ಹೆದರಿಕೆ ಹತ್ತಿಕೊಂಡಿದೆ.

ಆದ್ದರಿಂದ ಬೇಡಿಕೆ ಇಷ್ಟೇ. ಮುಂದಿನ ತಿಂಗಳು ಕಾಂಕ್ರೀಟು ಸುರಿಯುವ ಮೊದಲು ಒಂದು ಬೆಳಿಗ್ಗೆ ಅಪ್ಪನ ಜೊತೆ ದೋಣಿ ಹತ್ತಿ. ಅವರು ಹೇಳಿದ್ದು ಸುಳ್ಳಾದರೆ ನನ್ನ ಮೇಲೆ ಬೇಕಾದ ಕ್ರಮ ಕೈಗೊಳ್ಳಿ. ನಿಜವಾದರೆ ಕಂಬ ಸರಿಸಿ. ಪುಸ್ತಕದಲ್ಲಿ ಏನು ಬೇಕಾದರೂ ಬರೆದುಕೊಳ್ಳಿ, ಸೌಂದರ್ಯಕ್ಕಾಗಿ ಸರಿಸಿದೆವು ಎಂದೇ ಬರೆಯಿರಿ, ನಾವು ತುಟಿ ಬಿಚ್ಚುವುದಿಲ್ಲ. ನಾಳೆಯೇ ಬಂದರೆ ಒಳ್ಳೆಯದು. ಜ್ವರ ಇನ್ನೂ ಪೂರ್ತಿ ಬಿಟ್ಟಿಲ್ಲ.

ಇಂತಿ,
ಕಲಿಯಬೇಕಾದ ಕಾಲದಲ್ಲಿ ಕಲಿಯದೆ, ಈಗ ಪತ್ರ ಬರೆಯುತ್ತ ಕೂತಿರುವ
ಲಾಂಚಿನವರ ಮಗಳು