ಸಮ್ಮೇದನ ಉಪವಾಸ

ಪದ್ಮಾ,

ನೀನು ಓದುವುದಿಲ್ಲವೆಂದು ಗೊತ್ತಿದ್ದೇ ಬರೆಯುತ್ತಿದ್ದೇನೆ. ಬೇರೆ ಯಾರಿಗೆ ಹೇಳಲಿ? ದಶಲಕ್ಷಣ ಪರ್ವದ ಹತ್ತು ದಿನಗಳ ವ್ರತ ಶುರುವಾದಾಗಿನಿಂದ ನಮ್ಮ ಸಮ್ಮೇದ ಒಂದೇ ಹೊತ್ತು ಉಣ್ಣುತ್ತಿದ್ದ. ಮಗ ನಿನ್ನ ಹಾಗೆಯೇ ಆದನೆಂದು ಬಸದಿಯಲ್ಲಿ ಎಲ್ಲರೆದುರು ಹೊಗಳಿದೆ.

ಇವತ್ತು ಮೂಡುಬಿದಿರೆಯ ಸೈಬರ್ ಸೆಂಟರಿನಿಂದ ಫೋನ್ ಬಂತು. ಅಲ್ಲಿ ಕಂಪ್ಯೂಟರಿನಲ್ಲಿ ಗುಂಡು ಹಾರಿಸುವ ಆಟದ ಪಂದ್ಯವಂತೆ. ಹೋಗಿ ನೋಡಿದರೆ ಇವನು ನೆಲದ ಮೇಲೆ ಬಿದ್ದಿದ್ದ. ಬಲಗೈ ಮಾತ್ರ ಮೌಸ್ ಹಿಡಿದ ಹಾಗೆಯೇ ಮಡಚಿಕೊಂಡಿತ್ತು.

“ಉಪವಾಸ ಹೆಚ್ಚಾಯಿತು,” ಎಂದೆ.

ಅವನ ಗೆಳೆಯ ಹಿಶಾಮ್ ತಲೆ ತಗ್ಗಿಸಿದ. “ಎಂತ ಉಪವಾಸ ಅಂಕಲ್? ‘ಆನೆಮರಿ, ನೀನು ತಿರುಗುವಷ್ಟರಲ್ಲಿ ನಾವು ಸತ್ತು ಆಯ್ತು’ ಅಂತ ಟೀಮಿನವರು ತಮಾಷೆ ಮಾಡ್ತಿದ್ರು. ತೂಕ ಇಳಿದ್ರೆ ಕೈ ಫಾಸ್ಟ್ ಆಗ್ತದೆ ಅಂತ ಇವ ನಂಬಿದ್ದಾನೆ ಮಾರಾಯ್ರೆ. ಪರ್ವಕ್ಕೂ ಮೊದಲೇ ಊಟ ಬಿಟ್ಟಿದ್ದ.”

‘ಸೌಂಡ್ ಮೈಂಡ್ ಇನ್ ಎ ಸೌಂಡ್ ಬಾಡಿ’ ಎಂದು ಕಾಲೇಜಿನಲ್ಲಿ ಓದಿದ್ದೆ. ಮೈಂಡ್ ಮೊದಲೋ ಬಾಡಿ ಮೊದಲೋ, ಈಗ ನೆನಪಿಲ್ಲ.

ಡಾಕ್ಟರು ಗ್ಲೂಕೋಸ್ ಕೊಟ್ಟು ಕಳಿಸಿದರು. ಮನೆಗೆ ಬಂದು, “ಸ್ವಲ್ಪ ಗಂಜಿ ಕುಡಿ ಮಗಾ,” ಎಂದೆ. “ಸೂರ್ಯ ಮುಳುಗಿ ಆಯ್ತಲ್ಲ ಅಪ್ಪ, ಇನ್ನು ಉಣ್ಣುವ ಹಾಗಿಲ್ಲ, ನಾಳೆ ನೋಡುವ,” ಎಂದು ಕೋಣೆಯ ಚಿಲಕ ಹಾಕಿಕೊಂಡ. ನಿನ್ನ ಕೊನೆಯ ಉಪವಾಸದಲ್ಲಿ ನೀನೂ ‘ನಾಳೆ ನೋಡುವ’ ಎಂದಿದ್ದೆ. ನಾನು ಆಯ್ತು ಎಂದು ಮಲಗಿದ್ದೆ. ಬೆಳಿಗ್ಗೆ ನೀನು ಏಳಲಿಲ್ಲ.

ನಿನ್ನ ಅಡುಗೆಮನೆಯಲ್ಲಿ ಕತ್ತಲಾದ ಮೇಲೆ ಮೊದಲ ಸಲ ಗ್ಯಾಸ್ ಹಚ್ಚಿದ್ದೇನೆ. ಗಂಜಿ ಕುದಿಯುತ್ತಿದೆ. ಬಾಗಿಲಿನ ಆಚೆ ಮೌಸಿನ ಟಿಕ್ ಟಿಕ್ ಕೇಳುತ್ತಿದೆ. ಇಷ್ಟು ದಿನ ಆ ಸದ್ದಿಗೆ ಬೈಯುತ್ತಿದ್ದೆ. ಈಗ ಅದು ನಿಲ್ಲದಿರಲಿ ಎಂದು ಕಿವಿಗೊಟ್ಟು ಕೂತಿದ್ದೇನೆ.