ಮುಚ್ಚಳದ ಅಕ್ಕನ ಎಡಗಿವಿ

ಜೂನ್ 9, ಸೋಮವಾರ

ಮತ್ತೆ ಅದೇ. ಹೆಡ್‌ಫೋನ್ ಒರೆಸುವುದು, ಹೊರಗಿನ ಸದ್ದು ಬಾರದಂತೆ ಕಿಟಕಿಗೆ ಹಾಸಿಗೆ ಕಟ್ಟುವುದು, ಬಾಗಿಲ ಸಂದಿಗೆ ಬಟ್ಟೆ ತುರುಕುವುದು. ಪಾತ್ರೆ ಬಡಿಯುವ ಬೀದಿ. ಕೊನೆಯಲ್ಲೊಂದು ಮುಚ್ಚಿಹೋದ ಶಾಲೆ. ಅದರ ಹಿಂದಿನ ಕೋಣೆಯೇ ನಮ್ಮ ಲ್ಯಾಬ್. ಕಾಲೇಜಿನಲ್ಲಿ ಪೋಸ್ಟರ್ ಅಂಟಿಸಿದ್ದರು – 'ವಿದೇಶದಲ್ಲಿ ಜಂಟಿ ಸಂಶೋಧನೆ, ಪದವಿ ವಿದ್ಯಾರ್ಥಿಗಳಿಗೆ ಸುವರ್ಣಾವಕಾಶ'. ಸುವರ್ಣ ಎಲ್ಲಿ ಬಂತು, ಇಲ್ಲಿರುವುದೆಲ್ಲ ಅಲ್ಯುಮಿನಿಯಂ.

ಕೆಲಸಗಾರರು ಒಬ್ಬೊಬ್ಬರೇ ಬಂದು ಕೂರುತ್ತಾರೆ. ಹೆಡ್‌ಫೋನಿನಲ್ಲಿ ಸದ್ದು ಕೇಳಿದರೆ ಕೈ ಎತ್ತಬೇಕು. ಯಂತ್ರದ ಗುಂಡಿ ಒತ್ತುವುದು ಡುಮ್ಮ. ನನ್ನ ಕ್ಲಾಸ್‌ಮೇಟ್, ಫ್ಯಾನ್ ಹಾಕಿದರೆ ಹಾರಿಹೋಗುವಷ್ಟು ತೆಳ್ಳಗಿದ್ದಾನೆ, ಅದಕ್ಕೇ ಡುಮ್ಮ. ಬರೆದುಕೊಳ್ಳುವುದು ನಾನು. ಅನುವಾದ ಗಿಣಿಯದು – ಇಲ್ಲಿನ ಕಾಲೇಜಿನವಳು, ನಮ್ಮದೇ ವಯಸ್ಸು, ನಾವು ಇಂಗ್ಲಿಷಿನಲ್ಲಿ ಹೇಳಿದ್ದನ್ನು ಪಟಪಟನೆ ಅವಳ ಭಾಷೆಯಲ್ಲಿ ಹೇಳುತ್ತಾಳೆ. ಅವಳ ಅಪ್ಪನೂ ಇದೇ ಬೀದಿಯಲ್ಲಿ ಸುತ್ತಿಗೆ ಹಿಡಿದವರು.

ಇವತ್ತು ಮುಚ್ಚಳದ ಅಕ್ಕ ಬಂದಿದ್ದರು. ದೊಡ್ಡ ಪಾತ್ರೆಗಳ ಮುಚ್ಚಳಕ್ಕೆ ಅಂಚು ಬಡಿಯುವ ಹೆಂಗಸು. ಎಡಗಿವಿಗೆ ಸದ್ದು ಏರಿಸುತ್ತಲೇ ಹೋದೆವು. ಕೈ ಏಳಲಿಲ್ಲ. ಆಮೇಲೆ ಎದ್ದಿತು… ಡುಮ್ಮ ಏನೂ ಒತ್ತದೇ ಇದ್ದಾಗ. ಅವನ ಬೆರಳು ಅಲ್ಲಾಡಿದ್ದನ್ನು ನೋಡಿ ಎತ್ತಿದ್ದರು! ಪರೀಕ್ಷೆಯಲ್ಲಿ ಪಕ್ಕದವನ ಉತ್ತರ ಇಣುಕುವ ಮಕ್ಕಳ ಹಾಗೆ.

ಎದ್ದು ಹೋಗುವಾಗ ಕೇಳಿದರು, "ನನ್ನ ಕಿವಿ ಏನನ್ನುತ್ತೆ?" ನಮ್ಮನ್ನು ಇಲ್ಲಿಗೆ ಕರೆತಂದ ನಮ್ಮ ಕಾಲೇಜಿನ ಮೇಡಂ ಮುಗುಳ್ನಕ್ಕು ಥ್ಯಾಂಕ್ಸ್ ಅಂದರು. "ಆಮೇಲೆ ಹೇಳ್ತಾರೆ" ಅಂತ ಗಿಣಿ ಹೇಳಿದಳಂತೆ.

ಆಮೇಲೆ ಅಂದರೆ ಯಾವಾಗ?

ಜೂನ್ 10

ಯಾವಾಗಲೂ ಇಲ್ಲ! ಕೇಳಿಯೇ ಬಿಟ್ಟೆ. ಮೇಡಂ ಊಟದ ಡಬ್ಬಿ ಮುಚ್ಚಿ ಹೇಳಿದರು, "ನಾವು ಸಂಶೋಧಕರು, ಡಾಕ್ಟರಲ್ಲ. ಒಬ್ಬೊಬ್ಬರ ರಿಸಲ್ಟ್ ಹೊರಗೆ ಬಿಡಲ್ಲ, ಬರೀ ಸರಾಸರಿ ತಗೊಳ್ತೀವಿ ಅಂತ ಒಪ್ಪಿಕೊಂಡ ಮೇಲೇ ಪಾತ್ರೆ ಶೆಡ್ಡಿನ ಮಾಲೀಕ ಪರ್ಮಿಷನ್ ಕೊಟ್ಟಿದ್ದು."

"ಒಪ್ಪಿದ್ದು ಯಾರು ಮೇಡಂ? ಕಿವಿ ಯಾರದು?"

"ಕೋಟು ಸರ್ ಒಪ್ಪಿದ್ದಾರೆ."

ಕೋಟು ಸರ್ ಅಂದರೆ ಇಲ್ಲಿನ ಪ್ರೊಫೆಸರ್. ಬೆವರು ಇಳಿಯುತ್ತಿದ್ದರೂ ಕೋಟು ಬಿಚ್ಚುವುದಿಲ್ಲ. ಬೀದಿಯೊಳಗೆ ಕಾಲಿಟ್ಟಿದ್ದು ಒಂದೇ ಸಲ – ಫೋಟೋಕ್ಕೆ.

"ಹಾಗಾದ್ರೆ ಇವರೆಲ್ಲ ಏನು ಮೇಡಂ, ಇಲಿಗಳಾ?"

"ಜಾಸ್ತಿ ಆಯ್ತು ನಿಂದು" ಅಂದರು. ಡುಮ್ಮ ಟೇಬಲ್ ಕೆಳಗೆ ಕಾಲು ತುಳಿದ. ಇನ್ನೂ ಉರಿಯುತ್ತಿದೆ. ಕಾಲೂ, ಹೊಟ್ಟೆಯೂ. ನಮ್ಮ ಸರಾಸರಿಯನ್ನು ಎಲ್ಲೋ ಎ.ಸಿ. ಹಾಲಿನಲ್ಲಿ ಓದಿ ಚಪ್ಪಾಳೆ ತಟ್ಟಿಸಿಕೊಳ್ಳುತ್ತಾರೆ. ಸರಾಸರಿಗೆ ಕಿವಿ ಇದೆಯೇ? ಅದು ಮನೆಗೆ ಹೋಗಿ ಮಕ್ಕಳ ಮಾತಿಗೆ 'ಆಂ? ಆಂ?' ಅನ್ನುತ್ತದೆಯೇ?

ಜೂನ್ 12, ಗುರುವಾರ

ಹೇಳಿಬಿಟ್ಟೆ.

ಶೆಡ್ಡಿಗೆ ಸದ್ದು ಅಳೆಯಲು ಹೋಗಿದ್ದೆವು, ಗಿಣಿ ಮತ್ತು ನಾನು. ಅಕ್ಕ ನನ್ನ ತೋಳು ಹಿಡಿದು ಕಿವಿ ತೋರಿಸಿದರು. ಗಿಣಿಗೆ, "ಹೇಳು, ಎಡಗಿವಿ ಹೋಗಿದೆ ಅಂತ" ಅಂದೆ. "ಇಲ್ಲಿ ಬೇಡ" ಅಂದಳು. "ಇಲ್ಲೇ ಹೇಳು. ಅವರ ಕಿವಿ, ಅವರ ಹಕ್ಕು" – ನನ್ನ ಭಾಷಣ ಬೇರೆ.

ಗಿಣಿ ಮೆಲ್ಲಗೆ ಹೇಳಿದಳು. ಅಕ್ಕನಿಗೆ ಕೇಳಿಸಲಿಲ್ಲ. ಸ್ವಲ್ಪ ಜೋರಾಗಿ ಹೇಳಿದಳು. ಊಹೂಂ. ಬಾಯಿ ಬಿಟ್ಟು ಕೂಗಿದಳು, ಅಷ್ಟರಲ್ಲಿ ಊಟದ ಹೊತ್ತಾಗಿ ಸುತ್ತಿಗೆಗಳೆಲ್ಲ ಒಮ್ಮೆಲೇ ನಿಂತವು. ಮಾತು ತಗಡಿನ ಮಾಡಿಗೆ ಬಡಿದು ಇಡೀ ಶೆಡ್ಡು ಸುತ್ತಿತು. ಆ ಶೆಡ್ಡಿನಲ್ಲಿ ನೆಟ್ಟಗೆ ಕಿವಿ ಕೇಳುವವನು ಒಬ್ಬನೇ: ಗಾಜಿನ ಕ್ಯಾಬಿನ್ನಿನಲ್ಲಿ ಕೂರುವ ಮಾಲೀಕ. ಬಾಗಿಲು ತೆರೆದೇ ಇತ್ತು.

ಕಿವುಡರಿಗೆ ಗುಟ್ಟು ಹೇಳಲು ಹೊರಟ ಜಾಣೆ ನಾನು.

ಜೂನ್ 13

ಮಾಲೀಕ ಅಕ್ಕನನ್ನು ಮನೆಗೆ ಕಳಿಸಿದ್ದಾನೆ. ಕಿವಿ ಕೇಳದವರು ಯಂತ್ರದ ಹತ್ತಿರ ಇದ್ದರೆ ಅಪಾಯವಂತೆ, ಅವರ ಒಳ್ಳೆಯದಕ್ಕೇ ಅಂತೆ! ಅವರ ಕಿವಿ ತಿಂದು ತೇಗಿದವನೇ ಈಗ ಅವರ ಕ್ಷೇಮ ವಿಚಾರಿಸುತ್ತಾನೆ. ಇಷ್ಟು ವರ್ಷ ಕಿವಿಗೆ ಇಟ್ಟುಕೊಳ್ಳಲು ಒಂದು ಚೂರು ಹತ್ತಿ ಕೊಡಲು ಕೈ ಬರಲಿಲ್ಲ…

ಗಿಣಿ ಬಂದಳು. ಅಳಲಿಲ್ಲ, ಕೂಗಲಿಲ್ಲ. "ಸಿಟ್ಟು ಬಂದಿದ್ದು ನಿಂಗೆ, ಕೆಲಸ ಹೋಗಿದ್ದು ಅವರಿಗೆ. ನೀನು ವಿಮಾನ ಹತ್ತಿ ಹೋಗ್ತೀಯ. ನಾನು ಈ ಬೀದೀಲೇ ಓಡಾಡ್ಬೇಕು. ಕೂಗಿದ ಬಾಯಿ ನಂದು."

 

ಜೂನ್ 17, ಮಂಗಳವಾರ

ಇಷ್ಟು ದಿನ ಏನೂ ಬರೆಯಲಾಗಲಿಲ್ಲ. ಅಮ್ಮನಿಗೆ ಫೋನ್ ಮಾಡಿ ಅತ್ತೆ. ಸಮಾಧಾನ ಮಾಡುತ್ತಾಳೆ ಅಂದುಕೊಂಡಿದ್ದೆ. "ಅಲ್ವೇ, ಅನ್ಯಾಯ ಆಗಿದ್ದು ಆ ಹೆಂಗಸಿಗೆ, ಅಳು ನನ್ನ ಹತ್ರಾನಾ? ಹೋಗಿ ಅವಳ ಮುಂದೆ ನಿಂತ್ಕೋ" ಅಂತ ಫೋನ್ ಇಟ್ಟಳು.

ಹೋದೆ. ಗಿಣಿ ಮುನಿಸಿನಲ್ಲೇ ಜೊತೆಗೆ ಬಂದಳು. ಒಂದೇ ಕೋಣೆಯ ಮನೆ. ಅಕ್ಕ ಕೂರು ಅನ್ನಲಿಲ್ಲ. ನಿಂತುಕೊಂಡೇ ಕ್ಷಮೆ ಕೇಳಿದೆ. ಅದನ್ನು ಕಿವಿಗೇ ಹಾಕಿಕೊಳ್ಳದೆ ಕೇಳಿದರು, "ಬಲಗಿವಿ?"

ಅದೂ ಹೋಗುತ್ತಿದೆ, ಇನ್ನೂ ಪೂರ್ತಿ ಹೋಗಿಲ್ಲ ಅಂದೆ.  ಅಕ್ಕ ಸಿಡಿದರು. ಗಿಣಿಗೂ ಜೊತೆಯಲ್ಲೇ ಓಡಲಾಗದಷ್ಟು ವೇಗ.

"ಹೇಳೋದೇ ಆದ್ರೆ ನನ್ನೊಬ್ಬಳದ್ದೇ ಯಾಕೆ ಹೇಳಿದ್ರಿ? ಬೀದೀಲಿ ಯಾರ ಕಿವಿ ನೆಟ್ಟಗಿದೆ? ಎಲ್ಲರದ್ದೂ ಹೇಳಿ. ಆಗ ಯಾರ್ಯಾರನ್ನ ಮನೆಗೆ ಕಳಿಸ್ತಾನೋ ನಾನೂ ನೋಡ್ತೀನಿ!"

ಜೂನ್ 18

ಮೇಡಂ ಮುಂದೆ ಎಲ್ಲ ಒದರಿದೆ. ಬೈಯಲಿ ಅಂತಲೇ ಕಾಯುತ್ತಿದ್ದೆ. ಅವರು ಕನ್ನಡಕ ತೆಗೆದು ಕಣ್ಣು ಉಜ್ಜಿಕೊಂಡರು.

"ನಂಗೂ ಸಿಟ್ಟು ಬರುತ್ತೆ ಕಣೇ. ನಿಂಗೆ ಬಾಯಿಗೆ ಬರುತ್ತೆ, ನಂಗೆ ಬಿ.ಪಿ.ಗೆ ಹೋಗುತ್ತೆ."

ಕೋಟು ಸರ್‌ಗೆ ಫೋನ್ ಮಾಡಿ, ಎಲ್ಲರಿಗೂ ರಿಸಲ್ಟ್ ಹೇಳುತ್ತೇವೆ ಅಂದರು. ಅತ್ತ ಕಡೆಯ ಕೂಗು ನಮಗೂ ಕೇಳಿಸಿತು: ಒಪ್ಪಂದ ಮುರಿದರೆ ಪ್ರಾಜೆಕ್ಟ್ ಬಂದ್, ಸಂಶೋಧನಾ ಪೇಪರಿನಲ್ಲಿ ಯಾರ ಹೆಸರೂ ಇರುವುದಿಲ್ಲ. ಮೇಡಂ, "ಬಂದ್ ಆದ್ರೆ ಆಗಲಿ ಸರ್" ಅಂದರು. ಫೋನ್ ಇಟ್ಟರು. ಈ ಪೇಪರಿಗಾಗಿ ಎಷ್ಟು ವರ್ಷದಿಂದ ಓಡಾಡಿದ್ದಾರೆ ಅಂತ ಡುಮ್ಮ ಆಮೇಲೆ ಹೇಳಿದ. ನನಗೆ ಗೊತ್ತಿರಲಿಲ್ಲ. ಕೇಳಿಯೂ ಇರಲಿಲ್ಲ.

ನಾಳೆ ಊಟದ ಹೊತ್ತಿಗೆ ಶಾಲೆಯ ಅಂಗಳದಲ್ಲಿ. ತಿಳಿಯಬೇಕು ಅನ್ನುವವರು ಬರಲಿ, ಬೇಡದವರನ್ನು ಕರೆಯುವುದು ಬೇಡ. ಇದು ಮೇಡಂ ಷರತ್ತು. ಈ ಸಲ ನಾನು ಬಾಯಿ ಮುಚ್ಚಿಕೊಂಡು ಒಪ್ಪಿದೆ.

ಜೂನ್ 19, ಗುರುವಾರ

ಬಂದರು. ಅಂಗಳ ತುಂಬಿತು. ಮುಚ್ಚಳದ ಅಕ್ಕ ಎಲ್ಲರಿಗಿಂತ ಮುಂದೆ.

ಮೊದಲು ಎದ್ದವರು ಗಿಣಿಯ ಅಪ್ಪ. 'ನನ್ನ ರಿಸಲ್ಟ್ ಎಲ್ಲರಿಗೂ ಕೇಳುವ ಹಾಗೆ ಹೇಳಿ' ಅಂದರಂತೆ. ಮೇಡಂ ಇಂಗ್ಲಿಷಿನಲ್ಲಿ ಹೇಳಿದರು – ಎರಡೂ ಕಿವಿ ಹೋಗಿವೆ. ಗಿಣಿ ಅಪ್ಪನತ್ತ ತಿರುಗಿದಳು.  ಅಪ್ಪ ಅವಳ ಹೆಗಲ ಮೇಲೆ ಕೈ ಇಟ್ಟರು. ಆಗ ಕೂಗಿದಳು – ಅಪ್ಪನಿಗೆ ಕೇಳುವಷ್ಟು ಜೋರಾಗಿ. ಅಪ್ಪ ತಲೆಯಾಡಿಸಿ ಹೋಗಿ ಅಕ್ಕನ ಪಕ್ಕ ಕೂತರು. ಆಮೇಲೆ ಒಬ್ಬರಾದ ಮೇಲೆ ಒಬ್ಬರು.

ನಡುವೆ ಮಾಲೀಕ ಗೇಟಿನಲ್ಲಿ ನಿಂತು ಅರಚಿದ. ಒಬ್ಬರೂ ತಿರುಗಿ ನೋಡಲಿಲ್ಲ. ಕೇಳಿಸಲಿಲ್ಲವೋ, ಕೇಳಿಸಿಕೊಳ್ಳುವುದು ಬೇಡವಾಯಿತೋ. ಊಟದ ಹೊತ್ತು ಮುಗಿದರೂ ಯಾರೂ ಏಳಲಿಲ್ಲ. ಅಕ್ಕನನ್ನು ವಾಪಸ್ ಕರೆದುಕೊಳ್ಳುವವರೆಗೆ ಸುತ್ತಿಗೆ ಮುಟ್ಟುವುದಿಲ್ಲವಂತೆ. ಈ ಬೀದಿ ಇಷ್ಟು ನಿಶ್ಶಬ್ದವಾಗಿದ್ದನ್ನು ನಾನು ಕಂಡೇ ಇರಲಿಲ್ಲ.

ಜೂನ್ 20, ಬೆಳಗ್ಗೆ

ಅಕ್ಕ ಕೆಲಸಕ್ಕೆ ಹೋದರು. ಮಾಲೀಕನೇ ಆಳು ಕಳಿಸಿ ಕರೆಸಿಕೊಂಡನಂತೆ. ಕಿವಿಗೆ ಏನಾದರೂ ಕೊಟ್ಟನಾ? ಅದರ ಮಾತೇ ಇಲ್ಲ. ಹೋದ ಎಡಗಿವಿ ಬರುವುದಿಲ್ಲ, ಬಲಗಿವಿಯನ್ನು ಮತ್ತೆ ಅದೇ ಸದ್ದಿನ ಮುಂದೆ ಕೂರಿಸಿದ್ದಾನೆ. ಇದಕ್ಕೆ ಗೆಲುವು ಅಂತಾನೆ ಡುಮ್ಮ. ನನಗೆ ಮೈ ಉರಿಯುತ್ತಿದೆ.

ಪ್ರಾಜೆಕ್ಟ್ ಬಂದ್. ಸಂಜೆಯೊಳಗೆ ಕೋಣೆ ಖಾಲಿ ಮಾಡಬೇಕಂತೆ. ಯಂತ್ರ ಮೇಡಂ ತಂದಿದ್ದು, ಅದನ್ನು ಯಾರೂ ಕಸಿಯುವ ಹಾಗಿಲ್ಲ. ಅರ್ಧ ಪ್ಯಾಕ್ ಆಗಿದೆ. ಗಿಣಿ ಇನ್ನೂ ನನ್ನ ಜೊತೆ ಸರಿಯಾಗಿ ಮಾತಾಡುತ್ತಿಲ್ಲ. ಆದರೆ ಬಂದಿದ್ದಾಳೆ –

ಒಬ್ಬಳೇ ಅಲ್ಲ. ಹಿಂದೆ ಯಾರೋ ಏಳೆಂಟು ಹೆಂಗಸರು. ಪಕ್ಕದ ಬೀದಿಯ ಮಗ್ಗದವರಂತೆ. ಅವರ ಕಿವಿಯನ್ನೂ ನೋಡಬೇಕಂತೆ. ಸಂಜೆಯವರೆಗೆ ಸಮಯವಿದೆಯಲ್ಲ ಅನ್ನುತ್ತಿದ್ದಾಳೆ. ಮೇಡಂ ಪೆಟ್ಟಿಗೆಯ ಟೇಪು ಕಿತ್ತು ಹಾಕುತ್ತಿದ್ದಾರೆ. "ಏ, ಬರೆದಿದ್ದು ಸಾಕು ಬಾ, ಮೊದಲು ಇವರನ್ನ ಕೇಳು, ರಿಸಲ್ಟ್ ಹೇಗೆ ಹೇಳ್ಬೇಕು ಅಂತ, ಒಬ್ಬೊಬ್ಬರಿಗೇನಾ ಇಲ್ಲಾ ಎಲ್ಲರ ಮುಂದೇನಾ" ಅಂತ ಮೇಡಂ ಕರೆಯುತ್ತಿದ್ದಾರೆ.